ಪೀಠಿಕೆಯಲ್ಲೇ ಎಡವಿದ ಒಂದು ಪಾಠ: ಬಿರುಗಾಳಿಯ ಬೆನ್ನಟ್ಟುವವರು ಮತ್ತು ನಮ್ಮ ಎಂಟನೇ ತರಗತಿ

ಅಭ್ಯಾಸ ಬೋಧನೆಯಲ್ಲಿ ನಾನು ಕೊಟ್ಟ ಪಾಠಗಳ ಪೈಕಿ ವೀಕ್ಷಕರಿಂದ ಹೆಚ್ಚು ಮೆಚ್ಚುಗೆ ಪಡೆದದ್ದು ಸಿಡಿಲಿನ ಪಾಠ. ನಾನು ಮತ್ತೊಮ್ಮೆ ಬೋಧಿಸಬೇಕಾಗಿ ಬಂದ ಒಂದೇ ಪಾಠವೂ ಅದೇ. ಮೊದಲ ದಿನದ ವೀಕ್ಷಣಾ ಹಾಳೆಯಲ್ಲಿ ‘ಪೀಠಿಕೆ ಅತ್ಯುತ್ತಮ’ ಎಂದು ಬರೆದಿದೆ. ಆ ಪೀಠಿಕೆಯಿಂದಾಗಿ ನನ್ನ ತರಗತಿಯ ಒಬ್ಬ ಹುಡುಗ ಅಪಾಯಕ್ಕೆ ಸಿಕ್ಕಿಕೊಳ್ಳುವುದರಲ್ಲಿದ್ದ. ನನ್ನ ಜೊತೆಗಿನ ಪ್ರಶಿಕ್ಷಣಾರ್ಥಿಗಳಿಗೆ ಇದು ಉಪಯೋಗವಾಗಲಿ ಎಂದು ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ.

ತರಗತಿ ಮತ್ತು ಪಾಠಯೋಜನೆ

ನನಗೆ ಹಂಚಿಕೆಯಾಗಿದ್ದು ದಾವಣಗೆರೆ ಸೀಮೆಯ ಹಳ್ಳಿಯೊಂದರ ಪ್ರೌಢಶಾಲೆ. ಎಂಟನೇ ತರಗತಿಯಲ್ಲಿ 38 ಮಕ್ಕಳು. ಘಟಕ ನೈಸರ್ಗಿಕ ವಿದ್ಯಮಾನಗಳು, ಉಪಘಟಕ ಸಿಡಿಲು ಮತ್ತು ಅದರಿಂದ ರಕ್ಷಣೆ. ದಸರಾ ರಜೆ ಮುಗಿದಿತ್ತು, ಚಿತ್ತೆ ಮಳೆಯ ದಿನಗಳು. ಮಧ್ಯಾಹ್ನದವರೆಗೆ ಬಿಸಿಲು, ಮೂರರ ನಂತರ ಮುಗಿಲು ಕಟ್ಟಿ ಗುಡುಗು. ಪಾಠಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ ಎಂದುಕೊಂಡೆ.

ಐದು ಹಂತಗಳ ಪಾಠಯೋಜನೆ ಬರೆದೆ. ‘ತೊಡಗಿಸುವಿಕೆ’ ಹಂತಕ್ಕೆ ಮಕ್ಕಳು ಕಣ್ಣು ಮಿಟುಕಿಸದೆ ನೋಡುವಂಥದ್ದು ಬೇಕಿತ್ತು. ಅಮೆರಿಕದ ಬಯಲುಗಳಲ್ಲಿ ಬಿರುಗಾಳಿಯ ಬೆನ್ನಟ್ಟಿ ಹೋಗುವವರ ವಿಡಿಯೊ ಒಂದು ಸಿಕ್ಕಿತು. ಕಪ್ಪು ಮೋಡ, ಅದರಿಂದ ನೆಲಕ್ಕಿಳಿದ ಆನೆ ಸೊಂಡಿಲಿನಂಥ ಗಾಳಿ, ಅದರತ್ತ ಓಡುವ ಕಾರು, ಒಳಗೆ ಕೂತವರ ಕೂಗಾಟ. ಮೂರು ನಿಮಿಷ. ನಂತರ ವಿದ್ಯುದಾವೇಶ, ಮೋಡದಲ್ಲಿ ಆವೇಶಗಳ ಬೇರ್ಪಡುವಿಕೆ, ವಿಸರ್ಜನೆ, ಮಿಂಚು ಬಂಧಕ. ಕೊನೆಯ ಐದು ನಿಮಿಷ ಸುರಕ್ಷತಾ ಕ್ರಮಗಳು.

ಯೋಜನೆಯ ಪ್ರಕಾರವೇ ಎಲ್ಲವೂ ನಡೆಯಿತು. ವಿಡಿಯೊ ಮುಗಿದಾಗ ಹಿಂದಿನ ಬೆಂಚಿನಿಂದ ‘ಇನ್ನೊಂದ್ಸಲ ಹಾಕ್ರಿ ಮೇಡಂ’ ಎಂಬ ಕೂಗು ಬಂತು. ‘ನಮ್ಮ ಹೊಲದಾಗೂ ಸುಂಟರಗಾಳಿ ಬರ್ತದೆ, ನಾವು ಅದರೊಳಗೇ ಓಡಿ ಹೋಗ್ತೀವಿ’ ಎಂದ ಒಬ್ಬ. ತರಗತಿ ನಕ್ಕಿತು, ನಾನೂ ನಕ್ಕೆ. ಆ ಮಾತನ್ನು ಅಲ್ಲೇ ಹಿಡಿದು ನಿಲ್ಲಿಸಬೇಕಿತ್ತು. ಸಮಯ ಮೀರುತ್ತದೆ ಎಂದು ಮುಂದೆ ಹೋದೆ.

ಮರುದಿನ ಬೆಳಿಗ್ಗೆ

ಪ್ರಾರ್ಥನೆಗೆ ಮೊದಲು ಗೇಟಿನ ಬಳಿ ಅದೇ ಹುಡುಗ ಕಾದಿದ್ದ. ಅವನನ್ನು ಬಿಡಲು ಬಂದಿದ್ದ ಅಣ್ಣನ ಮೊಬೈಲು ಅವನ ಕೈಯಲ್ಲಿತ್ತು. ‘ಮೇಡಂ, ನಾನೂ ಬೆನ್ನಟ್ಟಿದೆ ನೋಡ್ರಿ’ ಎಂದು ಅರ್ಧ ನಿಮಿಷದ ವಿಡಿಯೊ ತೋರಿಸಿದ. ಹಿಂದಿನ ಸಂಜೆ ಊರಿನ ನೀರಿನ ಟ್ಯಾಂಕಿನ ಕಬ್ಬಿಣದ ಏಣಿ ಹತ್ತಿ, ಮೇಲಿನಿಂದ ಹಿಡಿದದ್ದು. ಸುತ್ತ ಬಯಲು, ಎದುರಿಗೆ ಕಪ್ಪು ಮುಗಿಲು. ಒಮ್ಮೆ ಪರದೆಯೆಲ್ಲ ಬೆಳ್ಳಗಾಯಿತು. ನಾನು ಅಭ್ಯಾಸಬಲದಿಂದ ಎಣಿಸಿದೆ. ಒಂದು, ಎರಡು. ಗುಡುಗು ಬಡಿಯಿತು.

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಎರಡು ಸೆಕೆಂಡಿಗೆ 680 ಮೀಟರ್. ಊರಿನಲ್ಲೇ ಎತ್ತರದ ಕಟ್ಟಡದ ಮೇಲೆ, ಕಬ್ಬಿಣದ ಕಂಬಿ ಹಿಡಿದು ನಿಂತಿದ್ದ ಹುಡುಗನಿಂದ ಮುಕ್ಕಾಲು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ಮಿಂಚು ಹೊಡೆದಿತ್ತು. ಮುಂದಿನದು ಎಲ್ಲಿಗೆ ಬೀಳುತ್ತದೆಂದು ಹೇಳಬಲ್ಲವರು ಯಾರೂ ಇಲ್ಲ.

ನನಗೆ ಮಾತು ಹೊರಡಲಿಲ್ಲ. ‘ಮನೇಲಿ ಗೊತ್ತೇನಪ್ಪಾ?’ ಎಂದೆ. ‘ಇಲ್ಲ ಮೇಡಂ, ನಿಮಗೇ ಮೊದ್ಲು ತೋರ್ಸಿದ್ದು’ ಎಂದ. ಅವನಿಗೆ ಅದು ಗೃಹಪಾಠವಿದ್ದಂತೆ. ನಾನು ತರಗತಿಗೆ ತಂದದ್ದನ್ನು ಅವನು ಊರಿನಲ್ಲಿ ಮಾಡಿ ತೋರಿಸಿದ್ದ.

ಮಾರ್ಗದರ್ಶಕ ಶಿಕ್ಷಕರಿಗೆ ಹೇಳಿದೆ. ಅವರು ಬೈಯಲಿಲ್ಲ. ‘ಮೂರು ನಿಮಿಷ ಕಾರು ಓಡಿಸಿದಿರಿ, ಐದು ನಿಮಿಷ ಎಚ್ಚರಿಕೆ ಹೇಳಿದಿರಿ. ಮಕ್ಕಳು ಮನೆಗೆ ತಗೊಂಡು ಹೋಗೋದು ಕಾರನ್ನೇ ಅಲ್ಲೇನಮ್ಮ?’ ಎಂದರು. ಹುಡುಗನ ಮನೆಗೆ ವಿಷಯ ತಿಳಿಸುವುದನ್ನೂ ಟ್ಯಾಂಕಿನ ಏಣಿಗೆ ಬೀಗ ಹಾಕಿಸುವಂತೆ ಪಂಚಾಯಿತಿಗೆ ಹೇಳುವುದನ್ನೂ ತಾವೇ ವಹಿಸಿಕೊಂಡು, ತಮ್ಮ ಅವಧಿಯನ್ನೂ ಆಟದ ಅವಧಿಯನ್ನೂ ನನಗೆ ಕೊಟ್ಟರು.

ಆ ವಿಡಿಯೊವನ್ನು ತರಗತಿಗೆ ತೋರಿಸಬಾರದೆಂದು ಆಗಲೇ ತೀರ್ಮಾನಿಸಿದೆ. ತೋರಿಸಿದರೆ ಅವನು ನಾಯಕನಾಗುತ್ತಾನೆ, ಗದರಿದರೆ ಅಪರಾಧಿಯಾಗುತ್ತಾನೆ. ಎರಡರಿಂದಲೂ ಪಾಠ ಕೆಡುತ್ತದೆ.

ಎರಡನೇ ಪಾಠ: ಮೈದಾನದಲ್ಲಿ

ಈ ಸಲ ಪ್ರೊಜೆಕ್ಟರ್ ಇಲ್ಲ. ಮೈದಾನದಲ್ಲಿ ಸುಣ್ಣದ ಪುಡಿಯಿಂದ ಚೌಕುಳಿ ಎಳೆದೆವು. ಓಕ್ಲಹೋಮ ರಾಜ್ಯದ ಬಯಲಿನಲ್ಲಿ ಹಳ್ಳಿ ರಸ್ತೆಗಳು ಬಹುಪಾಲು ಹೀಗೇ ಒಂದಕ್ಕೊಂದು ಲಂಬವಾಗಿ, ಸುಮಾರು ಒಂದು ಮೈಲಿಗೊಂದರಂತೆ ಇವೆ. ನಾಲ್ವರು ಮಕ್ಕಳು ಹಗ್ಗ ಹಿಡಿದು ‘ಬಿರುಗಾಳಿ’ಯಾದರು. ಮೂವರು ‘ಕಾರು’. ನಾನು ಸೀಟಿ ಊದಿದಾಗಲೆಲ್ಲ ಬಿರುಗಾಳಿ ಒಂದು ಮನೆ ಮುಂದೆ ಹೋಗಬೇಕು, ಕಾರು ರಸ್ತೆಯ ಮೇಲೆ ಮಾತ್ರ ಒಂದು ಮನೆ ಸರಿಯಬಹುದು. ಬಿರುಗಾಳಿಗೆ ಆದಷ್ಟು ಹತ್ತಿರವಿದ್ದು, ಅದಕ್ಕೆ ಸಿಕ್ಕದೆ ಉಳಿದರೆ ಕಾರು ಗೆದ್ದಂತೆ.

ಎರಡು ಸೀಟಿಯವರೆಗೆ ಕಾರಿನವರು ಆರಾಮವಾಗಿದ್ದರು. ಮೂರನೇ ಸೀಟಿಗೆ ಮೊದಲು ಬಿರುಗಾಳಿಯವರ ಕಿವಿಯಲ್ಲಿ ಮೂರು ಮಾತು ಹೇಳಿದೆ: ದಿಕ್ಕು ಬದಲಿಸಿ, ಹಗ್ಗ ಪೂರ್ತಿ ಬಿಚ್ಚಿ ಅಗಲವಾಗಿ, ಎರಡು ಮನೆ ಹಾರಿ. ಕಾರು ಹಗ್ಗದೊಳಗೆ ಸಿಕ್ಕಿತು.

‘ಮೇಡಂ, ಇದು ಮೋಸ! ಮೊದ್ಲೇ ಹೇಳ್ಬೇಕಿತ್ತು’ ಎಂದು ಕಾರಿನವರು ಜಗಳಕ್ಕೇ ಬಂದರು.

‘ಮೋಡ ಮೊದಲೇ ಹೇಳುತ್ತದೆಯೇ?’ ಎಂದು ಕೇಳಿದೆ. ಗದ್ದಲ ನಿಂತಿತು. ಅಲ್ಲೇ ಬೇವಿನ ಮರದ ನೆರಳಿನಲ್ಲಿ ಕೂರಿಸಿ ನಿಜವಾಗಿ ನಡೆದದ್ದನ್ನು ಹೇಳಿದೆ. ಆಕಾಶ ಆಗ ತಿಳಿಯಾಗಿತ್ತು. ಮುಗಿಲು ಇದ್ದಿದ್ದರೆ ಮರದ ಕೆಳಗೆ ಕೂರುತ್ತಿರಲಿಲ್ಲ ಎಂಬುದನ್ನೂ ಹೇಳಿಯೇ ಶುರು ಮಾಡಿದೆ.

ಎಲ್ ರೆನೊ, 31 ಮೇ 2013

ಟಿಮ್ ಸಮಾರಾಸ್ ಎಂಬ ಎಂಜಿನಿಯರ್ ಸುಂಟರಗಾಳಿಯ ಒಳಗಿನ ಒತ್ತಡವನ್ನು ಅಳೆಯುವ ಉಪಕರಣ ತಯಾರಿಸಿದ್ದರು. ಗಾಳಿ ಹಾರಿಸಿಕೊಂಡು ಹೋಗದಂತೆ ಚಪ್ಪಟೆ ಶಂಕುವಿನ ಆಕಾರ. ಅದನ್ನು ಸುಂಟರಗಾಳಿಯ ದಾರಿಯಲ್ಲಿಟ್ಟು ಓಡಿ ಬರುವುದು ಅವರ ಕೆಲಸ. 24 ಜೂನ್ 2003ರಂದು ಸೌತ್ ಡಕೋಟದ ಮ್ಯಾಂಚೆಸ್ಟರ್ ಎಂಬಲ್ಲಿ ಸುಂಟರಗಾಳಿ ಆ ಉಪಕರಣದ ಮೇಲೆಯೇ ಹಾದುಹೋಯಿತು. ವಾಯುಭಾರ ಒಮ್ಮೆಲೇ 100 ಮಿಲಿಬಾರ್ ಕುಸಿದದ್ದು ದಾಖಲಾಯಿತು. ಸಮುದ್ರಮಟ್ಟದ ಸಾಮಾನ್ಯ ವಾಯುಭಾರ ಸುಮಾರು 1013 ಮಿಲಿಬಾರ್ ಎಂದು ಮಕ್ಕಳು ಓದಿದ್ದರು, ಹತ್ತರಲ್ಲೊಂದು ಪಾಲು ಎಂದು ತಾವೇ ಲೆಕ್ಕ ಹಾಕಿದರು. ಬಿರುಗಾಳಿ ಬೆನ್ನಟ್ಟುವವರ ನಡುವೆ ಸಮಾರಾಸ್ ಬಹಳ ಎಚ್ಚರಿಕೆಯವರೆಂದೇ ಹೆಸರಾಗಿದ್ದರು.

2013ರ ಮೇ 31ರ ಸಂಜೆ ಓಕ್ಲಹೋಮದ ಎಲ್ ರೆನೊ ಊರಿನ ಬಳಿ ಸುಂಟರಗಾಳಿ ಇಳಿಯಿತು. ಸಮಾರಾಸ್, ಅವರ ಮಗ ಪಾಲ್, ಹವಾಮಾನ ತಜ್ಞ ಕಾರ್ಲ್ ಯಂಗ್ ಒಂದು ಸಣ್ಣ ಕಾರಿನಲ್ಲಿದ್ದರು. ಸುಂಟರಗಾಳಿ ಮೊದಲು ಆಗ್ನೇಯಕ್ಕೆ ಹೊರಟಿತು, ಪೂರ್ವಕ್ಕೆ ತಿರುಗಿತು, ನಂತರ ಈಶಾನ್ಯಕ್ಕೆ. ಕೆಲವೇ ನಿಮಿಷಗಳಲ್ಲಿ ಅಗಲ ಹಿಗ್ಗಿ 4.2 ಕಿಲೋಮೀಟರಿಗೆ ಮುಟ್ಟಿತು. ದಾಖಲಾದ ಸುಂಟರಗಾಳಿಗಳಲ್ಲೇ ಅತಿ ಅಗಲವಾದದ್ದು ಅದು. ಮಳೆಯ ಪರದೆ ಸುತ್ತುವರಿದದ್ದರಿಂದ ಅದರ ಅಂಚು ಎಲ್ಲಿದೆ ಎಂಬುದೇ ಕಾಣುತ್ತಿರಲಿಲ್ಲ. ಮುಖ್ಯ ಸುಳಿಯೊಳಗೆ ಸಣ್ಣ ಸುಳಿಗಳು ಸುತ್ತುತ್ತಿದ್ದವು. ಸಂಚಾರಿ ರೇಡಾರ್ ಅಳೆದ ಗಾಳಿಯ ವೇಗ ಗಂಟೆಗೆ 480 ಕಿಲೋಮೀಟರಿಗೂ ಹೆಚ್ಚು. ಮೂವರೂ ತೀರಿಕೊಂಡರು. ಅದೇ ಗಾಳಿಯನ್ನು ನೋಡಲು ಬಂದಿದ್ದ ಸ್ಥಳೀಯ ಹವ್ಯಾಸಿಯೊಬ್ಬರೂ ಸತ್ತರು.

‘ನಮ್ಮ ಆಟದಾಗೂ ಹಂಗೇ ಆಯ್ತಲ್ಲ’ ಎಂದು ಕಾರಿನ ತಂಡದ ಹುಡುಗಿ ಮೆಲ್ಲಗೆ ಹೇಳಿದಳು. ದಿಕ್ಕು, ಅಗಲ, ವೇಗ ಮೂರೂ ಒಟ್ಟಿಗೆ ಬದಲಾದರೆ ಜಾಣತನಕ್ಕೆ ಸಮಯ ಸಿಗುವುದಿಲ್ಲ.

ಇನ್ನೊಂದು ಘಟನೆಯನ್ನೂ ಹೇಳಿದೆ. 29 ಏಪ್ರಿಲ್ 2022ರಂದು ಓಕ್ಲಹೋಮ ವಿಶ್ವವಿದ್ಯಾಲಯದ ಮೂವರು ಹವಾಮಾನ ವಿದ್ಯಾರ್ಥಿಗಳು ಕಾನ್ಸಾಸ್‌ನಲ್ಲಿ ಬಿರುಗಾಳಿ ನೋಡಿ ಹಿಂತಿರುಗುತ್ತಿದ್ದರು. ಸುಂಟರಗಾಳಿ ಅವರನ್ನು ಮುಟ್ಟಿರಲಿಲ್ಲ. ಮಳೆನೀರು ನಿಂತ ಹೆದ್ದಾರಿಯಲ್ಲಿ ಕಾರು ಜಾರಿತು, ಟ್ರಕ್ ಬಡಿಯಿತು, ಮೂವರೂ ಹೋದರು. ನನಗಿಂತ ಚಿಕ್ಕವರು. ಕಣ್ಣು ಮುಗಿಲ ಮೇಲಿದ್ದರೆ ರಸ್ತೆಯೇ ಅಪಾಯ. ಜೋರು ಮಳೆ, ಜಾರು ದಾರಿ, ಹೋಗುವಾಗಿನ ಆತುರ, ಬರುವಾಗಿನ ಆಯಾಸ, ಜೊತೆಗೆ ಅದೇ ಮೋಡ ನೋಡಲು ಬಂದ ಬೇರೆ ವಾಹನಗಳು.

ಆಗ ಹಿಂದಿನ ದಿನದ ಹುಡುಗ ಮೊದಲ ಸಲ ಬಾಯಿ ಬಿಟ್ಟ. ‘ಹಂಗಾದ್ರೆ ಅವ್ರು ಹೋಗಬಾರದಿತ್ತೇನ್ರಿ ಮೇಡಂ?’

ಸುಲಭದ ಉತ್ತರ ಕೊಡಲು ಮನಸ್ಸಾಗಲಿಲ್ಲ. ಸುಂಟರಗಾಳಿ ಹೇಗೆ ಹುಟ್ಟುತ್ತದೆ, ನೆಲದ ಬಳಿ ಎಷ್ಟು ಬಲವಾಗಿರುತ್ತದೆ ಎಂದು ತಿಳಿಯಲು ಯಾರಾದರೂ ಅಳೆಯಲೇಬೇಕು. ಆ ತಿಳಿವಳಿಕೆ ಎಚ್ಚರಿಕೆ ಕೊಡುವವರಿಗೆ ಬೇಕು. ಸಮಾರಾಸ್ ಒಂದು ಪ್ರಶ್ನೆ ಹಿಡಿದು ಹೋಗುತ್ತಿದ್ದರು. ಅವರ ಬಳಿ ಉಪಕರಣ, ತಂಡ, ವರ್ಷಗಳ ಅನುಭವ ಎಲ್ಲ ಇತ್ತು. ಅಷ್ಟಿದ್ದೂ ಆ ಸಂಜೆ ಸಾಲಲಿಲ್ಲ. ‘ಕೈಯಲ್ಲಿ ಮೊಬೈಲು ಮಾತ್ರ ಇರುವವರು ಬಿರುಗಾಳಿಗೆ ಯಾವ ಪ್ರಶ್ನೆ ಕೇಳಲು ಹೋಗುತ್ತಾರೆ?’ ಎಂದೆ. ಅವನು ತಲೆ ತಗ್ಗಿಸಲಿಲ್ಲ, ಯೋಚಿಸುತ್ತಿದ್ದ. ನನಗೆ ಬೇಕಾಗಿದ್ದೂ ಅದೇ.

ಒಂದೇ ಹೆಸರು, ಎರಡು ಗಾಳಿ

ಮೊದಲ ದಿನ ನಾನು ಬಿಟ್ಟು ಹೋಗಿದ್ದ ಮಾತಿಗೆ ಮರಳಿದೆ. ನಮ್ಮ ಹೊಲಗಳಲ್ಲಿ ಬೇಸಿಗೆಯ ಮಧ್ಯಾಹ್ನ ದೂಳು, ತರಗೆಲೆ ಎತ್ತಿಕೊಂಡು ಸುತ್ತುವ ಗಾಳಿಗೂ ಸುಂಟರಗಾಳಿ ಎನ್ನುತ್ತೇವೆ, ಎಲ್ ರೆನೊದಲ್ಲಿ ಬಂದದ್ದಕ್ಕೂ ಪತ್ರಿಕೆಗಳು ಸುಂಟರಗಾಳಿ ಎಂದೇ ಬರೆಯುತ್ತವೆ. ಮೊದಲನೆಯದು ಕಾದ ನೆಲದಿಂದ ಏಳುತ್ತದೆ, ಆಕಾಶ ಸಾಮಾನ್ಯವಾಗಿ ತಿಳಿಯಾಗಿರುತ್ತದೆ, ಬಹುಪಾಲು ನಿಮಿಷಗಳಲ್ಲೇ ಅಡಗುತ್ತದೆ. ಎರಡನೆಯದು ದೈತ್ಯ ಗುಡುಗುಮೋಡದಿಂದ ಕೆಳಗಿಳಿಯುತ್ತದೆ. ಎತ್ತರ ಹೆಚ್ಚಿದಂತೆ ಗಾಳಿಯ ವೇಗವೂ ದಿಕ್ಕೂ ಬದಲಾಗುತ್ತಿದ್ದರೆ ಗಾಳಿ ಅಡ್ಡಲಾಗಿ ಉರುಳತೊಡಗುತ್ತದೆ. ಮೋಡದೊಳಕ್ಕೆ ಏರುವ ಬಿಸಿಗಾಳಿ ಆ ಉರುಳನ್ನು ಎತ್ತಿ ನಿಲ್ಲಿಸುತ್ತದೆ. ಮೋಡವೇ ತಿರುಗಲು ಶುರುಮಾಡುತ್ತದೆ.

ಹೆಸರು ಒಂದೇ ಆದ್ದರಿಂದ, ‘ನಾವು ಅದರೊಳಗೇ ಓಡಿ ಹೋಗ್ತೀವಿ’ ಎಂದವನಿಗೆ ವಿಡಿಯೊದಲ್ಲಿ ಕಂಡದ್ದು ತಾನು ಬಲ್ಲ ಗಾಳಿಯ ದೊಡ್ಡಣ್ಣ ಅಷ್ಟೇ. ಈ ತಪ್ಪು ಕಲ್ಪನೆ ಪಾಠದ ಮೊದಲೇ ತರಗತಿಯಲ್ಲಿತ್ತು. ಪೂರ್ವಜ್ಞಾನ ಪರೀಕ್ಷೆಯಲ್ಲಿ ನಾನು ಅದನ್ನು ಹುಡುಕಿರಲಿಲ್ಲ.

ನಮ್ಮಲ್ಲಿ ಬೆನ್ನಟ್ಟುವುದೆಂದರೆ

ನಮ್ಮ ಕಡೆ ಯಾರೂ ಕಾರು ಹತ್ತಿ ಬಿರುಗಾಳಿ ಹುಡುಕಿಕೊಂಡು ಹೋಗುವುದಿಲ್ಲ. ಆದರೆ ಮೊಬೈಲು ಹಿಡಿದು ತಾರಸಿ, ಗುಡ್ಡ, ಟ್ಯಾಂಕು ಹತ್ತುವವರಿದ್ದಾರೆ. 11 ಜುಲೈ 2021ರಂದು ಜೈಪುರದ ಆಮೇರ್ ಕೋಟೆಯ ಬಳಿಯ ಕಾವಲುಗೋಪುರದ ಮೇಲೆ ಮಳೆಯ ಸೊಬಗು ನೋಡುತ್ತ, ಸೆಲ್ಫಿ ತೆಗೆದುಕೊಳ್ಳುತ್ತ ಇದ್ದ ಜನರ ಮೇಲೆ ಸಿಡಿಲು ಬಡಿಯಿತು. ಹತ್ತಕ್ಕೂ ಹೆಚ್ಚು ಜನ ಸತ್ತರು. ನಮ್ಮ ದೇಶದಲ್ಲಿ ಈಚಿನ ವರ್ಷಗಳಲ್ಲಿ ಸಿಡಿಲಿಗೆ ಪ್ರತಿವರ್ಷ 2,000ಕ್ಕೂ ಹೆಚ್ಚು ಜನ ಬಲಿಯಾಗುತ್ತಿದ್ದಾರೆ.

‘ಈಗ ಒಬ್ಬರು ಎತ್ತರದಲ್ಲಿ ನಿಂತಿದ್ದಾರೆ ಎಂದುಕೊಳ್ಳಿ’ ಎಂದು ತರಗತಿಗೆ ಹೇಳಿದೆ. ‘ಮಿಂಚಿತು’ ಎಂದು ಕೈ ಎತ್ತಿದೆ. ಎರಡು ಸೆಕೆಂಡು ಬಿಟ್ಟು ಡಬ್ಬದ ಮೇಲೆ ಬಡಿದೆ. ಮಕ್ಕಳು ಗುಣಿಸಿ 680 ಮೀಟರ್ ಎಂದರು. ಶಾಲೆಯಿಂದ ಬಸ್ ನಿಲ್ದಾಣದಷ್ಟು ದೂರ. ಹುಡುಗ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಬೇರೆ ಯಾರಿಗೂ ಗೊತ್ತಾಗಲಿಲ್ಲ. ನಂತರ ಮಳೆ ಬೀಳುತ್ತಿರುವ ಜಾಗದಿಂದ 10 ಕಿಲೋಮೀಟರ್ ಆಚೆಗೂ ಸಿಡಿಲು ಬಡಿಯಬಹುದು ಎಂದು ತಿಳಿಸಿ, ಗುಡುಗು ಕಿವಿಗೆ ಬಿದ್ದಿತೆಂದರೆ ನಾವು ಆಗಲೇ ಅದರ ವ್ಯಾಪ್ತಿಯೊಳಗಿದ್ದೇವೆ ಎಂದು ವಿವರಿಸಿದೆ.

ಆಗ ಒಬ್ಬ ಹುಡುಗಿ ಕೇಳಿದಳು: ‘ಮೇಡಂ, ಕಣದಾಗೆ ಮೆಕ್ಕೆಜೋಳ ಇರ್ತದೆ. ಗುಡುಗಿದ ಕೂಡ್ಲೇ ಅಪ್ಪ, ನಾನು ತಾಡಪಾಲು ಹಿಡ್ಕೊಂಡು ಓಡ್ತೀವಿ. ಒಳಗೆ ಕೂತ್ರೆ ರಾಶಿ ನೆನೀತದಲ್ಲ?’

‘ರಾಶಿ ದೊಡ್ಡದೋ ಜೀವ ದೊಡ್ಡದೋ?’ ಎಂದುಬಿಟ್ಟೆ. ಅವಳು ಸುಮ್ಮನಾದಳು. ಅದು ಉತ್ತರವಾಗಿರಲಿಲ್ಲ, ಬಾಯಿ ಮುಚ್ಚಿಸುವ ಮಾತಾಗಿತ್ತು. ಹಿಂದೆ ಕೂತಿದ್ದ ಮಾರ್ಗದರ್ಶಕ ಶಿಕ್ಷಕರು ಎದ್ದು, ‘ರಾಶಿ ಮುಚ್ಚೋದು ಮುಗಿಲು ಕಟ್ಟುವಾಗ, ಗುಡುಗಿದ ಮೇಲಲ್ಲ. ಅದು ಹೇಗೆ ಅಂತ ಎಲ್ಲ ಸೇರಿ ಹೇಳ್ರಿ’ ಎಂದರು. ಚರ್ಚೆ ನಡೆಯಿತು. ತಾಡಪಾಲು, ಕಲ್ಲು, ಹಗ್ಗ ಮನೆಯಲ್ಲಲ್ಲ, ಕಣದಲ್ಲೇ ಇರಬೇಕು. ಈ ತಿಂಗಳು ಮುಗಿಲಿರಲಿ ಬಿಡಲಿ, ಮೂರು ಗಂಟೆಗೆ ಮುಚ್ಚಬೇಕು. ಮೋಡ ಹೂಕೋಸಿನಂತೆ ಮೇಲಕ್ಕೆ ಬೆಳೆಯುತ್ತಿದ್ದರೆ ಅದಕ್ಕೂ ಮೊದಲೇ. ಅಷ್ಟರೊಳಗೆ ಆಗದಿದ್ದರೆ ಬಿಟ್ಟು ಬರಬೇಕು. ‘ಅಪ್ಪ ಒಪ್ಪಲ್ಲ’ ಎಂದಳು ಅವಳು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ‘ತಾಡಪಾಲು ಕಣದಲ್ಲಿಡುವುದನ್ನಾದರೂ ಕೇಳಿ ನೋಡು’ ಎಂದೆ.

ತರಗತಿ ಸೇರಿ ಬರೆದ ನಿಯಮಗಳು

ಕಪ್ಪುಹಲಗೆಯ ಸಾರಾಂಶವನ್ನು ಈ ಸಲ ಮಕ್ಕಳೇ ಹೇಳಿದರು. ಪ್ರತಿ ನಿಯಮಕ್ಕೂ ‘ಏಕೆ’ ಎಂದು ಹೇಳಬೇಕೆಂಬುದು ನನ್ನ ಷರತ್ತು.

1. ಗುಡುಗು ಕೇಳಿಸಿದ ಕೂಡಲೇ ಗಟ್ಟಿ ಕಟ್ಟಡದ ಒಳಗೆ ಹೋಗಬೇಕು. ಸುತ್ತ ಗೋಡೆಯಿಲ್ಲದ ತಗಡಿನ ಚಪ್ಪರ, ಬಸ್ ತಂಗುದಾಣ ರಕ್ಷಣೆಯಲ್ಲ.

2. ಕೊನೆಯ ಗುಡುಗಿನ ನಂತರ 30 ನಿಮಿಷ ಒಳಗೇ ಇರಬೇಕು. ಮಳೆ ನಿಂತರೂ ಮೋಡದಲ್ಲಿ ಆವೇಶ ಉಳಿದಿರುತ್ತದೆ.

3. ಒಂಟಿ ಮರದ ಕೆಳಗೆ ನಿಲ್ಲಬಾರದು. ಸಿಡಿಲು ಮರದಿಂದ ಪಕ್ಕದವರಿಗೆ ಹಾರಬಹುದು, ಬೇರಿನ ಸುತ್ತಲ ನೆಲದಲ್ಲೂ ಹರಡುತ್ತದೆ. ಎರಡು ಕಾಲುಗಳ ನಡುವೆ ಅಂತರ ಹೆಚ್ಚಿದ್ದಷ್ಟೂ ವಿಭವಾಂತರ ಹೆಚ್ಚು. ಮರದಡಿಯ ದನಗಳು ಹಿಂಡಾಗಿ ಸಾಯಲು ಇದೇ ಕಾರಣ.

4. ಬಯಲಲ್ಲಿ ಸಿಕ್ಕಿಕೊಂಡರೆ ಎತ್ತರದ ಜಾಗ, ನೀರು, ತಂತಿಬೇಲಿಯಿಂದ ದೂರ ಸರಿಯಬೇಕು. ಗುಂಪಾಗಿ ನಿಲ್ಲಬಾರದು. ಪಾದ ಜೋಡಿಸಿ ಕುಕ್ಕರಗಾಲಿನಲ್ಲಿ ಕೂರಬಹುದು, ಮಲಗಬಾರದು. ಇದು ಬೇರೆ ದಾರಿಯೇ ಇಲ್ಲದಾಗ ಮಾತ್ರ.

5. ಕಿಟಕಿ ಮುಚ್ಚಿದ ಲೋಹದ ಕಾರು, ಬಸ್ಸು ಸಿಡಿಲಿನಿಂದ ಕಾಪಾಡುತ್ತದೆ. ವಿದ್ಯುತ್ತು ಹೊರಮೈಯಲ್ಲಿ ಹರಿದು ನೆಲ ಸೇರುತ್ತದೆ, ರಬ್ಬರ್ ಟೈರಿನಿಂದಲ್ಲ. ಬೈಕು, ತೆರೆದ ಟ್ರ್ಯಾಕ್ಟರ್ ಕಾಪಾಡುವುದಿಲ್ಲ. ಎಲ್ ರೆನೊದಂಥ ಗಾಳಿಯಲ್ಲಿ ಕಾರೂ ಕಾಪಾಡುವುದಿಲ್ಲ.

6. ಮೊಬೈಲು ಸಿಡಿಲನ್ನು ಎಳೆಯುವುದಿಲ್ಲ. ಅದಕ್ಕಾಗಿ ನಾವು ಹೋಗಿ ನಿಲ್ಲುವ ಜಾಗವೇ ಅಪಾಯ. ಮನೆಯೊಳಗೂ ಚಾರ್ಜಿಗೆ ಹಾಕಿದ ಮೊಬೈಲು, ನಲ್ಲಿ, ತಂತಿಯಿರುವ ಉಪಕರಣ ಮುಟ್ಟಬಾರದು.

7. ಸಿಡಿಲು ಬಡಿದವರನ್ನು ಮುಟ್ಟಬಹುದು, ಅವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. 108ಕ್ಕೆ ಕರೆ ಮಾಡಿ. ಉಸಿರು, ನಾಡಿ ನಿಂತಿದ್ದರೆ ತಿಳಿದ ದೊಡ್ಡವರು ಎದೆಯನ್ನು ಒತ್ತುವ ಚಿಕಿತ್ಸೆ ಕೂಡಲೇ ಶುರುಮಾಡಬೇಕು.

ಮನೆಯವರ ಮೊಬೈಲಿನಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಹಾಕಿಸಲು ಹೇಳಿದೆ. ಮೋಡದ ಮೇಲೆ ಕಣ್ಣಿಡಲು ಟ್ಯಾಂಕು ಹತ್ತಬೇಕಾಗಿಲ್ಲ.

ಮೌಲ್ಯಮಾಪನ ಮತ್ತು ನನ್ನ ಟಿಪ್ಪಣಿ

ಮೊದಲ ದಿನದ ನನ್ನ ಪ್ರಶ್ನೆ ‘ಸಿಡಿಲಿನಿಂದ ರಕ್ಷಣೆಗೆ ನಾಲ್ಕು ಕ್ರಮಗಳನ್ನು ಬರೆಯಿರಿ’ ಎಂದಿತ್ತು. ಟ್ಯಾಂಕು ಹತ್ತಿದ ಹುಡುಗ ಅದಕ್ಕೆ ನಾಲ್ಕನ್ನೂ ಸರಿಯಾಗಿ ಬರೆದಿದ್ದ. ಪೂರ್ಣಾಂಕ ಕೊಟ್ಟಿದ್ದೆ. ಎರಡನೇ ದಿನದ ಪ್ರಶ್ನೆ ಹೀಗಿತ್ತು: ‘ನಿನ್ನೆ ಸಂಜೆ ಗುಡುಗಿದಾಗ ನೀವು ಎಲ್ಲಿದ್ದಿರಿ? ಇಂದು ಗುಡುಗಿದರೆ ಎಲ್ಲಿರುತ್ತೀರಿ?’ ಮಕ್ಕಳು ಹೊಲ, ಕೆರೆ ಏರಿ, ಕುರಿಹಟ್ಟಿ, ಬೈಕಿನ ಹಿಂಬದಿ ಎಂದೆಲ್ಲ ಬರೆದರು. ಆ ಹಾಳೆಗಳಿಂದ ನನಗೆ ತಿಳಿದದ್ದು ಪಾಠಯೋಜನೆ ಬರೆಯುವ ಮೊದಲೇ ತಿಳಿದಿರಬೇಕಿತ್ತು.

ಅಪಾಯದ ಪಾಠವನ್ನು ರೋಮಾಂಚನದಿಂದ ಶುರುಮಾಡಿದರೆ ಎಚ್ಚರಿಕೆ ಅದರ ಹಿಂದೆ ಓಡಬೇಕಾಗುತ್ತದೆ, ಹಿಡಿಯಲಾರದು. ನೀವೂ ಪ್ರವಾಹ, ಹಾವು, ಬೆಂಕಿ, ವಿದ್ಯುತ್ತಿನ ಪಾಠಗಳನ್ನು ಕೊಡುತ್ತೀರಿ. ಪೀಠಿಕೆಗೆ ವಿಡಿಯೊ ಆರಿಸುವಾಗ ‘ಇದು ಗಮನ ಸೆಳೆಯುತ್ತದೆಯೇ’ ಎಂದು ಮಾತ್ರ ಕೇಳಬೇಡಿ. ‘ಇದನ್ನು ನೋಡಿದ ಮಗು ಇಂದು ಸಂಜೆ ಏನು ಮಾಡಬಹುದು’ ಎಂದು ಕೇಳಿ. ವೀಕ್ಷಣಾ ಹಾಳೆಯಲ್ಲಿ ಅದಕ್ಕೆ ಕಾಲಂ ಇಲ್ಲ.

ವಾರದ ಕೊನೆಗೆ ಗೃಹಪಾಠ ತಿದ್ದುವಾಗ ಮೆಕ್ಕೆಜೋಳದ ಹುಡುಗಿಯ ಪುಸ್ತಕ ಬಂತು. ‘ತಾಡಪಾಲು ಈಗ ಕಣದಲ್ಲೇ ಇದೆ. ಗುಡುಗಿದರೆ ನಾನು ಒಳಗೆ ಬರುತ್ತೇನೆ. ಅಪ್ಪ ಇನ್ನೂ ಹೊರಗೇ ಇರುತ್ತಾರೆ’ ಎಂದು ಬರೆದಿದ್ದಳು. ಕೆಂಪು ಶಾಯಿಯಲ್ಲಿ ‘ಸರಿ’ ಎಂದು ಗುರುತು ಹಾಕಲು ಕೈ ಬರಲಿಲ್ಲ. ಮುಂದಿನ ಪೋಷಕರ ಸಭೆಯಲ್ಲಿ ಇದೇ ಪಾಠವನ್ನು ಹತ್ತು ನಿಮಿಷ ಹೇಳಲು ಮುಖ್ಯ ಶಿಕ್ಷಕರ ಅನುಮತಿ ಪಡೆದಿದ್ದೇನೆ. ಮೂರನೇ ಸಲದ ಪಾಠಯೋಜನೆ ಬರೆಯುತ್ತಿದ್ದೇನೆ.